ಮೆಚ್ಚಿ ಬರೆದ ನಾಲ್ಕು ಸಾಲು

ಪುಸ್ತಕವೊಂದು ಅಚ್ಚಾಗಿ ಹೊರಬಂದ ಮೇಲೆ ಅದನ್ನು ಓದಿದವರ ಮನಸ್ಸಿನಲ್ಲಿ ಏನಾಯಿತೆಂಬ ಸುದ್ದಿ ಬರೆದವನಿಗೆ ಮುಟ್ಟುವುದು ಹೇಗೆ? ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಇರುವವರಿಗೆ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಅಲ್ಲಿ ಬಿಡುಗಡೆಯ ಸಮಾರಂಭವುಂಟು, ಗೋಷ್ಠಿಯುಂಟು, ಪತ್ರಿಕೆಯ ಕಚೇರಿಯುಂಟು. ಏನೂ ಇಲ್ಲದಿದ್ದರೆ ಹೋಟೆಲಿನಲ್ಲಿ ಎದುರಿಗೆ ಕುಳಿತು, "ನಿನ್ನ ಪುಸ್ತಕ ಓದಿದೆನಪ್ಪ, ಯಾಕೋ ಹಿಡಿಸಲಿಲ್ಲ" ಎನ್ನುವ ಗೆಳೆಯನಾದರೂ ಉಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ದಾವಣಗೆರೆ ಜಿಲ್ಲೆಯ ಈ ತಾಲ್ಲೂಕುಗಳ ಯಾವುದೋ ಒಂದು ಊರಿನಲ್ಲಿ, ಶಾಲೆಯ ಕೆಲಸವೋ ಹೊಲದ ಕೆಲಸವೋ ಮುಗಿದ ಮೇಲೆ ದೀಪದ ಕೆಳಗೆ ಕುಳಿತು ಬರೆಯುವವನಿಗೆ ಇವಾವುವೂ ಇಲ್ಲ. ಅವನು ಕೈಯಿಂದ ಹಣ ಹಾಕಿ 300 ಪ್ರತಿ ಅಚ್ಚು ಹಾಕಿಸುತ್ತಾನೆ; ತಾನು ಗೌರವಿಸುವ ಕೆಲವರ ವಿಳಾಸ ಹುಡುಕಿ ಅಂಚೆಗೆ ಹಾಕುತ್ತಾನೆ; ಆಮೇಲೆ ಅಂಚೆಯವನ ದಾರಿ ನೋಡುತ್ತಾನೆ.

ಈ ಸೀಮೆ ಸಾಹಿತ್ಯಕ್ಕೆ ಬರಡೆಂದು ಯಾರೂ ತಿಳಿಯಬೇಕಾಗಿಲ್ಲ. 'ಕರ್ನಾಟಕ ಸಂಸ್ಕೃತಿ ಸಮೀಕ್ಷೆ'ಗಾಗಿ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಎಚ್. ತಿಪ್ಪೇರುದ್ರಸ್ವಾಮಿಯವರು ಹುಟ್ಟಿದ್ದು ಹೊನ್ನಾಳಿಯಲ್ಲಿ. ನಮ್ಮ ಕಾಲದ ದೊಡ್ಡ ಸಂಶೋಧಕರಲ್ಲೊಬ್ಬರಾದ ಎಂ. ಚಿದಾನಂದಮೂರ್ತಿಯವರು 1931ರಲ್ಲಿ ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ. ಆದರೆ ಇವರು ಹೊರಗೆ ಹೋಗಿ ವಿದ್ವಾಂಸರ ನಡುವೆ ಬೆಳೆದವರು. ಊರಿನಲ್ಲೇ ಉಳಿದು ಬರೆಯುವವರ ಪಾಡು ಬೇರೆ. ಆ ಪಾಡನ್ನು ನಾನು ತಿಳಿದದ್ದು ತಡವಾಗಿ. ಅದೂ ನನ್ನ ತಪ್ಪಿನಿಂದಲೇ.

ಕೆಲವು ತಿಂಗಳ ಹಿಂದೆ ಜಗಳೂರಿನ ಕಡೆ ಒಂದು ಚಿಕ್ಕ ಸಾಹಿತ್ಯಗೋಷ್ಠಿಗೆ ಹೋಗಿದ್ದೆ. ಭಾಷಣಗಳು ಮುಗಿದು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಹಿರಿಯರೊಬ್ಬರು ಹತ್ತಿರ ಬಂದರು. ನಿವೃತ್ತರಾದ ಪ್ರಾಥಮಿಕ ಶಾಲೆಯ ಮೇಷ್ಟ್ರು.

"ಸಾರ್, ನನ್ನ ಪುಸ್ತಕ ತಮಗೆ ಮುಟ್ಟಿತ್ತಾ?"

ಮುಟ್ಟಿತ್ತು, ಮೂರು ವರ್ಷದ ಹಿಂದೆಯೇ ಮುಟ್ಟಿತ್ತು. ನಾನು ಓದಿಯೂ ಇದ್ದೆ. ಅದರಲ್ಲಿ ನೀರು ಬತ್ತಿದ ಬಾವಿಯನ್ನು ಕುರಿತ ಒಂದು ಪದ್ಯ ನನ್ನ ಮನಸ್ಸಿನಲ್ಲಿ ನಿಂತಿತ್ತು. ತರಗತಿಯಲ್ಲಿ ಒಮ್ಮೆ ಅದರ ಮಾತನ್ನೂ ಎತ್ತಿದ್ದೆ. ಕವಿಗೆ ಮಾತ್ರ ಒಂದಕ್ಷರ ಬರೆದಿರಲಿಲ್ಲ.

"ಮುಟ್ಟಿತ್ತು ಮೇಷ್ಟ್ರೆ, ಬಹಳ ಚೆನ್ನಾಗಿದೆ" ಎಂದೆ.

ಅವರು ಮರ್ಯಾದೆಗೆ ನಕ್ಕರು. "40 ಜನಕ್ಕೆ ಕಳಿಸಿದ್ದೆ ಸಾರ್. ಒಂದು ಕಾಗದ ಬಂತು" ಎಂದು ಚೀಲದಿಂದ ಪುಸ್ತಕ ತೆಗೆದು, ಅದರ ನಡುವೆ ಜೋಪಾನವಾಗಿಟ್ಟಿದ್ದ ಒಂದು ಪೋಸ್ಟ್ ಕಾರ್ಡನ್ನು ನನ್ನ ಕೈಗೆ ಕೊಟ್ಟರು.

ಬರೆದವರು ನ್ಯಾಮತಿಯ ಕಡೆಯ ಒಬ್ಬ ಗೃಹಿಣಿ. ಯಾರಿಗೋ ಕಳಿಸಿದ ಪ್ರತಿ ಕೈಯಿಂದ ಕೈಗೆ ಹೋಗಿ ಅವರನ್ನು ಮುಟ್ಟಿತ್ತು. ಕಾರ್ಡಿನಲ್ಲಿ ಇದ್ದದ್ದು ಇಷ್ಟು: ಬಾವಿಯ ಪದ್ಯದಲ್ಲಿ ರಾಟೆಯ ಸದ್ದು ಬರುವ ಕಡೆ ತಮಗೆ ತವರುಮನೆಯ ಹಿತ್ತಲಿನ ಬಾವಿ ನೆನಪಾಯಿತು. ನೀರು ಬತ್ತಿ ಹಗ್ಗ ತೆಗೆದ ಮೇಲೂ ಗಾಳಿ ಬಂದಾಗ ಆ ರಾಟೆ ಹಾಗೆಯೇ ಕಿರುಗುಟ್ಟುತ್ತಿತ್ತು. ಪದ್ಯದ ಕಡೆಯಲ್ಲಿ ಬರುವ ನೀತಿಯ ಮಾತು ಇಲ್ಲದಿದ್ದರೂ ನಮಗೆ ಅರ್ಥವಾಗುತ್ತಿತ್ತು. ಇಂಥದನ್ನು ಬರೆದು ಕೊಟ್ಟದ್ದಕ್ಕೆ ನಮಸ್ಕಾರ.

ನಾನು ಎರಡು ಸಲ ಓದಿ ಕಾರ್ಡನ್ನು ಹಿಂದಕ್ಕೆ ಕೊಟ್ಟೆ. ಮೇಷ್ಟ್ರು ಹೇಳಿದರು: "ಅದು ಬಂದ ಮೇಲೆ ನೀತಿ ಹೇಳೋದು ಬಿಟ್ಟೆ ಸಾರ್. ಮೂವತ್ತು ವರ್ಷ ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸ ಆಗಿಬಿಟ್ಟಿತ್ತು."

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಆ ಪುಸ್ತಕದ ವಿಮರ್ಶೆಯನ್ನು ಬರೆದವರು ಆ ತಾಯಿ. ಎಂ.ಎ. ಓದಿ, ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಪಾಠ ಹೇಳುವ ನಾನು ಬರೆಯಲಿಲ್ಲ.

ಕಾವ್ಯಮೀಮಾಂಸೆ ಎಂದಾಗ ಹತ್ತನೆಯ ಶತಮಾನದ ರಾಜಶೇಖರನ ನೆನಪು ಬರುತ್ತದೆ. ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಅವನು ಕಾವ್ಯವನ್ನು ಓದಿ ಭಾವಿಸುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಮೊದಲನೆಯವನು ಅರೋಚಕಿ, ಯಾವುದೂ ರುಚಿಸದವನು. ಎರಡನೆಯವನು ಸತೃಣಾಭ್ಯವಹಾರಿ, ಹುಲ್ಲುಕಡ್ಡಿ ಸಮೇತ ಎಲ್ಲವನ್ನೂ ನುಂಗುವವನು. ಮೂರನೆಯವನು ಮತ್ಸರಿ. ನಾಲ್ಕನೆಯವನು ತತ್ತ್ವಾಭಿನಿವೇಶಿ, ಕಾವ್ಯದ ತಿರುಳನ್ನು ಹಿಡಿದು ಮೆಚ್ಚುವ ಇವನು ಸಾವಿರಕ್ಕೊಬ್ಬ ಸಿಕ್ಕರೆ ಪುಣ್ಯ. ಇವರಲ್ಲಿ ನನ್ನನ್ನು ಚುಚ್ಚಿದವನು ಮೂರನೆಯವನು. ಮತ್ಸರಿಗೆ ಗುಣ ಕಾಣುವುದಿಲ್ಲವೆಂದು ರಾಜಶೇಖರ ಹೇಳುವುದಿಲ್ಲ. ಕಂಡರೂ ಕಾಣದಂತೆ ಆಗುತ್ತದೆ. ಏಕೆಂದರೆ ಪರರ ಗುಣದ ವಿಷಯದಲ್ಲಿ ಅವನು ಬಾಯಿ ಬಿಗಿಹಿಡಿದಿರುತ್ತಾನೆ. ಅವನ ಗುರುತು ಮೌನ.

ನಾನು ಮತ್ಸರಿಯಲ್ಲ, ಬರಿಯ ಸೋಮಾರಿ, ಎಂದು ಸಮಾಧಾನ ಹೇಳಿಕೊಳ್ಳಬಹುದು. ಉತ್ತರ ಪತ್ರಿಕೆಗಳ ಮೌಲ್ಯಮಾಪನ ಇತ್ತು, ಮನೆಯಲ್ಲಿ ಮದುವೆಯಿತ್ತು, ವಿಳಾಸ ಕಾಣಲಿಲ್ಲ—ನೆಪಗಳಿಗೇನು ಬರ? ಆದರೆ ಅಂಚೆಯವನ ದಾರಿ ನೋಡುತ್ತ ಕುಳಿತ ಮೇಷ್ಟ್ರಿಗೆ ಈ ವ್ಯತ್ಯಾಸ ತಿಳಿಯುವುದು ಹೇಗೆ? ಸೋಮಾರಿಯ ಮೌನ, ಮತ್ಸರಿಯ ಮೌನ, ಅರೋಚಕಿಯ ತಿರಸ್ಕಾರ—ಮೂರೂ ಅವರ ಮನೆಯ ಬಾಗಿಲಿಗೆ ಒಂದೇ ರೂಪದಲ್ಲಿ ಬರುತ್ತವೆ. ಅರ್ಥಾತ್ ಬರುವುದೇ ಇಲ್ಲ. ಮೆಚ್ಚಿಯೂ ಹೇಳದ ಮೆಚ್ಚುಗೆಗೂ ಮೆಚ್ಚದಿರುವುದಕ್ಕೂ ಬರೆದವನ ಪಾಲಿಗೆ ಭೇದವಿಲ್ಲ. ನಾನು ಹೇಳಬೇಕಾದ ಮಾತಿನ ತಿರುಳು ಇದೇ.

ಈಗ ಆ ಕಾರ್ಡನ್ನು ಒಂದು ಕೃತಿಯೆಂದೇ ಭಾವಿಸಿ ನೋಡೋಣ. ಮೊದಲನೆಯದಾಗಿ, ಅದು ಪುಸ್ತಕವನ್ನು ಇಡಿಯಾಗಿ ಹೊಗಳುವುದಿಲ್ಲ. ಒಂದು ಪದ್ಯವನ್ನು, ಅದರಲ್ಲೂ ಒಂದು ಸದ್ದನ್ನು ಬೆರಳಿಟ್ಟು ತೋರಿಸುತ್ತದೆ. ಎರಡನೆಯದಾಗಿ, ಆ ಸದ್ದು ಓದಿದವರ ಬಾಳಿನಲ್ಲಿ ಎಲ್ಲಿ ಹೋಗಿ ಮುಟ್ಟಿತೆಂಬುದನ್ನು ಹೇಳುತ್ತದೆ. ನಮ್ಮ ಆಲಂಕಾರಿಕರು ಸಹೃದಯ ಎಂದು ಕರೆದದ್ದು ಇಂಥ ಓದುಗನನ್ನೇ ಅಲ್ಲವೆ? ಮೂರನೆಯದಾಗಿ, ಅದು ದೋಷವನ್ನು ಮುಚ್ಚುವುದಿಲ್ಲ. ದೋಷವನ್ನು ಹೇಳುವಾಗಲೂ, ನಮಗೆ ಅರ್ಥವಾಗುತ್ತಿತ್ತು ಎಂದು ಓದುಗರ ಪರವಾಗಿ ನಿಂತು ಹೇಳುತ್ತದೆ. ನಾಲ್ಕನೆಯದಾಗಿ, ಅದಕ್ಕೆ ಪ್ರತಿಫಲದ ಆಸೆಯಿಲ್ಲ. ಬರೆದವರಿಗೆ ಮೇಷ್ಟ್ರಿಂದ ಆಗಬೇಕಾದ ಕೆಲಸವೇನೂ ಇರಲಿಲ್ಲ. ಇಷ್ಟನ್ನೂ ಅವರು ಒಂದು ಕಾರ್ಡಿನ ಜಾಗದಲ್ಲಿ ಹೇಳಿದರು. ನಮ್ಮ ದೇಶದಲ್ಲಿ 1879ರ ಜುಲೈ 1ರಂದು ಚಲಾವಣೆಗೆ ಬಂದ ಈ ಕಾರ್ಡಿನ ಗುಣವೇ ಅದು. ಹೆಚ್ಚು ಬರೆಯಲು ಜಾಗವಿಲ್ಲ. ಆದ್ದರಿಂದ ಮುಖ್ಯವಾದುದನ್ನೇ ಬರೆಯಬೇಕು.

ಇದರ ಪಕ್ಕದಲ್ಲಿ ನಾವು ದಿನವೂ ಕಾಣುವ ಹೊಗಳಿಕೆಯನ್ನು ಇಟ್ಟು ನೋಡಿ. ಸನ್ಮಾನದ ದಿನ ಚೌಕಟ್ಟು ಹಾಕಿಸಿ ಕೊಡುವ ಬಿನ್ನವತ್ತಳೆಯಲ್ಲಿ ಸನ್ಮಾನಿತರು ಬಹುಮುಖ ಪ್ರತಿಭೆಯವರು, ಸರಳ ಸಜ್ಜನರು, ನಾಡುನುಡಿಯ ಸೇವಕರು. ಹೆಸರನ್ನು ಅಳಿಸಿ ಬೇರೊಂದು ಹೆಸರನ್ನು ಬರೆದರೆ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ. ನಮ್ಮ ಎಷ್ಟೋ ಮುನ್ನುಡಿಗಳ ಹಣೆಬರಹವೂ ಇದೇ. ಪುಸ್ತಕವನ್ನು ತೆರೆಯದೆಯೂ ಬರೆಯಬಹುದಾದ ಮುನ್ನುಡಿಗಳನ್ನು ನಾನೂ ಬರೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಈಚೆಗೆ ಮೊಬೈಲಿನಲ್ಲಿ ಕೈಮುಗಿದ ಚಿತ್ರ, ಹೂವಿನ ಚಿತ್ರ, ಮೇಲೆತ್ತಿದ ಹೆಬ್ಬೆರಳು ಬರುತ್ತವೆ. ಅವುಗಳನ್ನು ನಾನು ಹಳಿಯಲಾರೆ. ಕಾಗದ ಒಳ್ಳೆಯದು, ಮೊಬೈಲು ಕೆಟ್ಟದ್ದು ಎಂಬುದು ನನ್ನ ವಾದವಲ್ಲ. ಬಾವಿಯ ರಾಟೆಯ ಮಾತನ್ನು ಮೊಬೈಲಿನಲ್ಲಿ ಬರೆದಿದ್ದರೂ ಅದರ ಬೆಲೆ ಕುಂದುತ್ತಿರಲಿಲ್ಲ. ಆದರೆ ಹೆಬ್ಬೆರಳಿಗೆ ರಾಟೆಯ ಸುದ್ದಿ ಹೇಳಲು ಬರುವುದಿಲ್ಲ. ಅದೂ ರಾಜಶೇಖರನ ಎರಡನೆಯ ಬಗೆಯವನ ಊಟ. ಹುಲ್ಲೂ ಒಂದೇ, ಅನ್ನವೂ ಒಂದೇ.

ಹೊಗಳಿಕೆಗೆ ಅಪಾಯವೂ ಉಂಟು. ತನ್ನವರು ಒಲಿದು ಹೊಗಳಿದ್ದು ತನ್ನನ್ನು ಚಿನ್ನದ ಶೂಲಕ್ಕೆ ಏರಿಸಿದಂತಾಯಿತೆಂದು ಬಸವಣ್ಣನವರು ಒಂದು ವಚನದಲ್ಲಿ ನೊಂದುಕೊಂಡಿದ್ದಾರೆ. ಶೂಲ ಚಿನ್ನದ್ದಾದರೆ ಇರಿಯುವುದಿಲ್ಲವೆ? ಇದಕ್ಕೆ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಉದಾಹರಣೆ ಅಮೆರಿಕದಿಂದ ದೊರೆಯುತ್ತದೆ. 1855ರಲ್ಲಿ ವಾಲ್ಟ್ ವಿಟ್ಮನ್ ಎಂಬ ಹೆಸರಿಲ್ಲದ ಕವಿ ತನ್ನ 'ಲೀವ್ಸ್ ಆಫ್ ಗ್ರಾಸ್' ಎಂಬ ಸಂಗ್ರಹವನ್ನು ಕೈಯಿಂದ ಖರ್ಚು ಮಾಡಿ ಅಚ್ಚು ಹಾಕಿಸಿದ. ಅದರಲ್ಲಿದ್ದದ್ದು 12 ಪದ್ಯಗಳು. ನಮ್ಮ ಮೇಷ್ಟ್ರಂತೆಯೇ ಅವನೂ ಒಂದು ಪ್ರತಿಯನ್ನು ಆಗಿನ ಹಿರಿಯ ಚಿಂತಕ ಎಮರ್ಸನ್ನನಿಗೆ ಕಳಿಸಿದ. ಎಮರ್ಸನ್ ಜುಲೈ 21ರಂದು ಕೈತುಂಬ ಮೆಚ್ಚುಗೆಯ ಪತ್ರ ಬರೆದ. ಕವಿ ಮಾಡಿದ್ದೇನು? ಬರೆದವನ ಅಪ್ಪಣೆಯಿಲ್ಲದೆ ಪತ್ರವನ್ನು ವೃತ್ತಪತ್ರಿಕೆಯಲ್ಲಿ ಅಚ್ಚು ಮಾಡಿಸಿದ. ಮರುವರ್ಷದ ಎರಡನೆಯ ಮುದ್ರಣದಲ್ಲಿ ಆ ಪತ್ರದ ಒಂದು ವಾಕ್ಯವನ್ನು ಪುಸ್ತಕದ ಬೆನ್ನಿನ ಮೇಲೆ ಎಮರ್ಸನ್ನನ ಹೆಸರಿನೊಡನೆ ಚಿನ್ನದ ಅಕ್ಷರಗಳಲ್ಲಿ ಒತ್ತಿಸಿದ. ಎಮರ್ಸನ್ನನಿಗೆ ಇದು ಹಿಡಿಸಲಿಲ್ಲ, ಹಿಡಿಸುವುದಾದರೂ ಹೇಗೆ? ಒಬ್ಬನಿಗೆಂದು ಆಡಿದ ಮಾತು ಅಂಗಡಿಯ ಫಲಕವಾಯಿತು. ಕಾವ್ಯ ದೊಡ್ಡದೇ, ಎಮರ್ಸನ್ನನ ಮಾತು ಸುಳ್ಳಾಗಲಿಲ್ಲ. ಆದರೆ ಮೆಚ್ಚಿಕೊಂಡವನ ವಿಶ್ವಾಸವನ್ನು ಕಾಯುವುದೂ ಕವಿಯ ಧರ್ಮ. ಜಗಳೂರಿನ ಕಡೆಯ ಮೇಷ್ಟ್ರು ತಮ್ಮ ಕಾರ್ಡನ್ನು ಪುಸ್ತಕದ ಬೆನ್ನಿನ ಮೇಲೆ ಹಾಕಿಸಲಿಲ್ಲ, ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು.

ಉತ್ತೇಜನವೆಂದರೆ ಸಿಹಿಮಾತೇ ಆಗಬೇಕೆಂದಿಲ್ಲ. ಕನ್ನಡಕ್ಕೆ ಆದ ಅತಿ ದೊಡ್ಡ ಉಪಕಾರಗಳಲ್ಲೊಂದು, ಕೇಳಿದ ಕ್ಷಣದಲ್ಲಿ ಕಹಿಯಾಗಿದ್ದ ಮಾತಿನಿಂದ ಆಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ವಿದ್ಯಾರ್ಥಿಯಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಎರಡು ವರ್ಷದ ಹಿಂದೆ, 1922ರಲ್ಲಿ, ಅವರ ಇಂಗ್ಲಿಷ್ ಕವನಗಳ ಚಿಕ್ಕ ಪುಸ್ತಕವೂ ಬಂದಿತ್ತು. ಮೆಚ್ಚುಗೆಯನ್ನು ನಿರೀಕ್ಷಿಸಿ ಹೋದ ತರುಣನಿಗೆ ದೊರೆತದ್ದು, ನಿನ್ನ ಭಾಷೆಯಲ್ಲಿ ಬರೆ ಎಂಬ ಸಲಹೆ. ಆಗ ಅವರಿಗೆ ಅದು ರುಚಿಸಲಿಲ್ಲ. ಆದರೆ ಮುಂದೆ ಆದದ್ದು ನಮಗೆಲ್ಲ ಗೊತ್ತು. ಕಸಿನ್ಸ್ ಆ ದಿನ ಕವನಗಳನ್ನು ಹೊಗಳಿ ಬೆನ್ನು ತಟ್ಟಿ ಕಳಿಸಿದ್ದರೆ ಸುಲಭವಾಗಿ ಕೆಲಸ ಮುಗಿಯುತ್ತಿತ್ತು. ಅವರು ಹುಡುಗನನ್ನು ಗೌರವಿಸಿದರು. ಆದ್ದರಿಂದ ನಿಜ ಹೇಳಿದರು. ನ್ಯಾಮತಿಯ ಗೃಹಿಣಿ ಮಾಡಿದ್ದೂ ತಮ್ಮ ಅಳತೆಯಲ್ಲಿ ಇದನ್ನೇ.

ಉತ್ತೇಜನ ಮುಂದೆ ನೋಡುತ್ತದೆ. ಕೃತಜ್ಞತೆ ಹಿಂದೆ ನೋಡುತ್ತದೆ. ಕೃತಜ್ಞತೆಯ ವಿಷಯದಲ್ಲಿ ನಮ್ಮ ನಾಡಿಗೆ ಒಂದು ಹಳೆಯ ಅಭ್ಯಾಸವುಂಟು. ಊರ ಹೊರಗಿನ ಬೇಲಿಯ ಮರೆಯಲ್ಲಿ, ಕೆರೆಯ ಏರಿಯ ಕೆಳಗೆ ನಿಂತ ವೀರಗಲ್ಲುಗಳನ್ನು ನೆನೆಯಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಬರಹವಿದ್ದ ಕಡೆ ಇಂಥವನು ಇಂಥ ಊರಿನ ದನಗಳನ್ನು ಮರಳಿಸಿ ಸತ್ತನೆಂದು ಹೆಸರು ಹಿಡಿದು ಹೇಳಿರುತ್ತದೆ. ಬಿನ್ನವತ್ತಳೆಯಂತೆ ಗೊತ್ತುಗುರಿಯಿಲ್ಲದ ಹೊಗಳಿಕೆಯಲ್ಲ ಅದು. ಮಾಡಿದ ಕೆಲಸದ ಲೆಕ್ಕ. ಇಂಥ ಕಲ್ಲುಗಳ ಮಾತಿನಿಂದ ಜನಜೀವನದ ಚರಿತ್ರೆಯನ್ನೇ ಹೊರತೆಗೆಯಬಹುದೆಂದು ತೋರಿಸಿದವರು ನಮ್ಮ ಹಿರೇಕೋಗಲೂರಿನ ಚಿದಾನಂದಮೂರ್ತಿಯವರು. 1966ರಲ್ಲಿ ಪ್ರಕಟವಾದ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಇಂದಿಗೂ ಆ ದಾರಿಯ ದೀಪ. ಆದರೆ ವೀರಗಲ್ಲಿಗೆ ಒಂದು ಕೊರತೆಯಿದೆ. ಯಾರಿಗಾಗಿ ಕೆತ್ತಿತೋ ಅವನೊಬ್ಬ ಮಾತ್ರ ಅದನ್ನು ಓದಲಾರ.

ಈ ಕೊರತೆ ದೊಡ್ಡವರನ್ನೂ ಬಿಟ್ಟಿಲ್ಲ. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಅದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನವರು ಟಿ.ಎಸ್. ವೆಂಕಣ್ಣಯ್ಯ. ತಾವು ಬರೆದದ್ದು ಸ್ವಲ್ಪ. ಶಿಷ್ಯರಿಂದ ಬರೆಯಿಸಿದ್ದು ಬಹಳ. ಕುವೆಂಪು ಅವರ ಶಿಷ್ಯರು. ಗುರುಗಳು 1939ರಲ್ಲಿ ತೀರಿಕೊಂಡರು. 'ಶ್ರೀ ರಾಮಾಯಣ ದರ್ಶನಂ' ಪ್ರಕಟಣೆ ಆರಂಭವಾದದ್ದು ಅವರು ಹೋಗಿ ಹತ್ತು ವರ್ಷದ ಮೇಲೆ, 1949ರಲ್ಲಿ. ಆ ಮಹಾಕಾವ್ಯದ ಅರ್ಪಣೆಯಲ್ಲಿ ಕವಿ ಗುರುಗಳನ್ನೇ ಎದುರಿಗೆ ಕಂಡಂತೆ ಸಂಬೋಧಿಸಿ, ಕೆಲಸ ಮುಗಿಯಿತೆಂದು ಅರಿಕೆ ಮಾಡಿಕೊಳ್ಳುತ್ತಾರೆ. ಆಧುನಿಕ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಧನ್ಯವಾದದ ಪತ್ರ ನನಗೆ ತಿಳಿದಿಲ್ಲ. ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಆ ಪತ್ರವನ್ನು ತೆರೆದು ನೋಡುವ ಕೈ ಆ ವೇಳೆಗೆ ಇರಲಿಲ್ಲವೆಂಬುದೂ ಅದಕ್ಕೆ ಒಂದು ಕಾರಣ. ಕಾವ್ಯ ಮುಗಿಯುವ ತನಕ ಗುರು ಉಳಿಯಲಿಲ್ಲ. ಅದು ಕವಿಯ ತಪ್ಪಲ್ಲ. ನಮ್ಮ ನಿಮ್ಮಂಥವರ ಧನ್ಯವಾದಕ್ಕೆ ಮಹಾಕಾವ್ಯವೇನೂ ಮುಗಿಯಬೇಕಾಗಿಲ್ಲ. ನಾವು ಕಾಯುವುದು ಯಾತಕ್ಕೆ?

ಕಾಯದೆ ಬರೆದವರೂ ಉಂಟು. 1957ರಲ್ಲಿ ಫ್ರೆಂಚ್ ಲೇಖಕ ಆಲ್ಬೆರ್ ಕಮೂಗೆ ನೊಬೆಲ್ ಪಾರಿತೋಷಕ ಬಂತು. ಗದ್ದಲ ಕೊಂಚ ಅಡಗಿದ ಕೂಡಲೇ, ನವೆಂಬರ್ 19ರಂದು, ಅವನು ಪತ್ರ ಬರೆದದ್ದು ಅಲ್ಜೀರಿಯದಲ್ಲಿ ತನಗೆ ಕಲಿಸಿದ ಪ್ರಾಥಮಿಕ ಶಾಲೆಯ ಮೇಷ್ಟ್ರು ಲೂಯಿ ಜೆರ್ಮೆನ್‌ಗೆ. ತಂದೆಯಿಲ್ಲದ ಬಡ ಹುಡುಗನಾಗಿದ್ದ ತನ್ನ ಕೈ ಹಿಡಿದು ಎತ್ತದಿದ್ದರೆ ಇದಾವುದೂ ಆಗುತ್ತಿರಲಿಲ್ಲವೆಂದು ನೇರವಾಗಿ ಹೇಳಿಕೊಂಡ. ಮೇಷ್ಟ್ರು ಆಗ ಬದುಕಿದ್ದರು; ಓದಿದರು; ಉತ್ತರವನ್ನೂ ಬರೆದರು. ಕಮೂ 1960ರ ಜನವರಿಯಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡ. ಇನ್ನು ಕೆಲವು ವರ್ಷ ಬಿಟ್ಟು ಸಾವಕಾಶವಾಗಿ ಬರೆದರಾಯಿತೆಂದುಕೊಂಡಿದ್ದರೆ ಆ ಪತ್ರ ಹುಟ್ಟುತ್ತಲೇ ಇರಲಿಲ್ಲ. ಕಾಗದ ಮುಟ್ಟುವ ಮೊದಲು ಹೋಗುವವರು ಯಾವಾಗಲೂ ಹಿರಿಯರೇ ಆಗಿರುವುದಿಲ್ಲ.

ಇದನ್ನೆಲ್ಲ ಕೇಳಿ ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು: "ಈಗಲೇ ಕನ್ನಡದಲ್ಲಿ ಪುಸ್ತಕಗಳ ನೆರೆ ಬಂದಿದೆ. ನೀವು ಕಾರ್ಡು ಬರೆದು ಇನ್ನಷ್ಟು ಜನರನ್ನು ಎಬ್ಬಿಸುತ್ತೀರಾ?" ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಾನು ಎಲ್ಲರಿಗೂ ಬರೆಯಿರಿ ಎನ್ನುತ್ತಿಲ್ಲ. ಮೆಚ್ಚಿದ್ದರೆ ಬರೆಯಿರಿ ಎನ್ನುತ್ತಿದ್ದೇನೆ. ಮೆಚ್ಚದೆ ಬರೆದ ಮೆಚ್ಚುಗೆ ಲಂಚಕ್ಕೆ ಸಮಾನ. ಇನ್ನೊಂದು ಮಾತು. ಕೆಟ್ಟದ್ದನ್ನು ಬರೆಯುವವನು ಮೌನಕ್ಕೆ ಹೆದರುವುದಿಲ್ಲ; ಅವನಿಗೆ ಬಿನ್ನವತ್ತಳೆ ಹೇಗೋ ಸಿಕ್ಕೇ ಸಿಗುತ್ತದೆ. ಮೌನಕ್ಕೆ ಸೋತು ಲೇಖನಿ ಕೆಳಗಿಡುವವನು ತನ್ನ ಬರವಣಿಗೆಯ ಬಗ್ಗೆ ಸಂಶಯವುಳ್ಳವನು, ಅಂದರೆ ಬಹುಮಟ್ಟಿಗೆ ಒಳ್ಳೆಯದನ್ನು ಬರೆಯಬಲ್ಲವನು. ನಮ್ಮ ಮೌನ ಕಳೆಯನ್ನು ಕೀಳುವುದಿಲ್ಲ, ಪೈರನ್ನು ಒಣಗಿಸುತ್ತದೆ.

ಊರಿಗೆ ಬಂದವನು ಮೇಷ್ಟ್ರಿಗೆ ಬರೆಯಲು ಕುಳಿತೆ. ನಾಲ್ಕು ಸಾಲಿನ ಕೆಲಸವೆಂದುಕೊಂಡಿದ್ದೆ. ಅರ್ಧ ದಿನ ಹಿಡಿಯಿತು. ಬಾವಿಯ ಪದ್ಯದಲ್ಲಿ ನನಗೆ ಹಿಡಿಸಿದ ಸಾಲನ್ನು ನೆನಪಿನಿಂದಲೇ ಬರೆಯಹೋದೆ. ಸಂಶಯ ಬಂತು, ಕಪಾಟಿನಿಂದ ಪುಸ್ತಕ ತೆಗೆದು ನೋಡಿದೆ. ಮೂರು ವರ್ಷ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಸಾಲು ಬೇರೆ, ಅಲ್ಲಿ ಅಚ್ಚಾಗಿದ್ದ ಸಾಲು ಬೇರೆ. ತರಗತಿಯಲ್ಲಿ ನಾನು ಹೇಳಿದ್ದೂ ತಪ್ಪೇ. ಮೇಷ್ಟ್ರ ಸಾಲು ನನ್ನದಕ್ಕಿಂತ ಸಾದಾ ಆಗಿತ್ತು, ನನ್ನದಕ್ಕಿಂತ ಚೆನ್ನಾಗಿತ್ತು. ಆ ಪದ್ಯವನ್ನು ನಾನು ನಿಜವಾಗಿ ಓದಿದ್ದು ಆ ದಿನ. ಅದನ್ನೇ ಕಾರ್ಡಿನಲ್ಲಿ ಬರೆದು, ಮೂರು ವರ್ಷ ತಡವಾದದ್ದಕ್ಕೆ ಕ್ಷಮೆ ಕೇಳಿ, ಪೆಟ್ಟಿಗೆಗೆ ಹಾಕಿದೆ.